ಮಾವನ ಸಹಿ ಎಲ್ಲಿ ಹೋಯ್ತು?

(1/8)
ಹೋದ ಸಲ ಎಲೆಕ್ಷನ್ ಪ್ರಚಾರಕ್ಕೆ ನಮ್ಮ ಕಡೆ ಹೆಲಿಕಾಪ್ಟರ್ ಬಂದಿತ್ತಲ್ಲ, ನಿಮ್ಮಲ್ಲಿ ಅರ್ಧ ಜನ ಸ್ಟೋರಿ ಹಾಕಿದ್ರಿ. ನಾನೂ ಮುಟ್ಟಳ್ಳಿಯ ನಮ್ಮ ಮನೆ ಅಂಗಳಕ್ಕೆ ಓಡಿ ಬಂದು ವಿಡಿಯೋ ಮಾಡಿದ್ದೆ. ನನ್ನ ಮಾವ, ಅಂದ್ರೆ ಅಮ್ಮನ ತಮ್ಮ, ಜಗಲಿಯಲ್ಲಿ ತೆಂಗಿನಕಾಯಿ ಸುಲೀತಾ ಕೂತಿದ್ರು. ತಲೆ ಎತ್ತಲೇ ಇಲ್ಲ. "ಎರಡು ಎಂಜಿನ್‌ದು" ಅಂದ್ರು, ಅಷ್ಟೇ. ಹೊರಗೆ ಬಂದು ನೋಡದೆ ಹೆಂಗೆ ಗೊತ್ತಾಯ್ತು ಅಂತ ಕೇಳಿದೆ. "ಇಪ್ಪತ್ತು ವರ್ಷ ಅದನ್ನೇ ಕೇಳ್ಕೊಂಡು ಬಂದವನಲ್ವನೋ ನಾನು" ಅಂದ್ರು.

ಮಾವ 2002ರಲ್ಲಿ, 19ನೇ ವಯಸ್ಸಿಗೆ, ವಾಯುಪಡೆಗೆ ಸೇರಿದವರು. ಮೊದಲು ಬೆಳಗಾವಿಯ ಸಾಂಬ್ರಾದಲ್ಲಿ ಟ್ರೇನಿಂಗ್, ಆಮೇಲೆ ಚೆನ್ನೈ ಹತ್ತಿರದ ತಾಂಬರಂನಲ್ಲಿ ಟ್ರೇಡ್ ಕಲಿತಿದ್ದು. ಟ್ರೇಡ್ ಎಂಜಿನ್ ಫಿಟರ್. ಹೆಚ್ಚಿನ ವರ್ಷ ಮಿ-17 ಹೆಲಿಕಾಪ್ಟರ್ ಮೇಲೆ ಕೆಲಸ. 20 ವರ್ಷ ಮುಗಿಸಿ 39ಕ್ಕೆ ಸಾರ್ಜೆಂಟ್ ಆಗಿ ಮನೆಗೆ ಬಂದ್ರು.

ಈಗ ಅವರು ಎಂತ ಮಾಡ್ತಾರೆ ಗೊತ್ತಾ? ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ನೋಟು ಎಣಿಸ್ತಾರೆ.

ಬ್ಯಾಂಕ್ ಕೆಲಸ ಕೆಟ್ಟದು ಅಂತ ನಾನು ಹೇಳ್ತಾ ಇಲ್ಲ. ಬಿ.ಕಾಂ ಓದೋ ನಾವೆಲ್ಲ ಅದಕ್ಕೇ ಸಾಲಿನಲ್ಲಿ ನಿಂತವರು. ಆದರೆ ಹೆಲಿಕಾಪ್ಟರ್ ಎಂಜಿನ್ ಬಿಚ್ಚಿ ಜೋಡಿಸೋ ಮನುಷ್ಯ ಆ ಕೌಂಟರ್‌ಗೆ ಬಂದ ದಾರಿ ಉಂಟಲ್ಲ, ಅದರ ಬಗ್ಗೆ ನಂಗೆ ಒಂದು ಅಭಿಪ್ರಾಯ ಉಂಟು. ಎಂಟು ಪೋಸ್ಟ್ ಆಗ್ತದೆ. ಪೂರ್ತಿ ಓದಿ ಬೈಯಿರಿ.

(2/8)
ಈ ಫೋಟೋದಲ್ಲಿರೋದು ಮಾವನ ಬಲಗೈ. ಹೆಬ್ಬೆರಳ ಪಕ್ಕ ಕಾಣ್ತಿರೋ ಗಾಯದ ಗುರುತು ಲಾಕಿಂಗ್ ವಯರ್‌ದು. ಬೋಲ್ಟ್ ತಿರುಗಿ ಸಡಿಲ ಆಗಬಾರದು ಅಂತ ಅದರ ತಲೆಯ ತೂತಿನಲ್ಲಿ ತೆಳು ತಂತಿ ಪೋಣಿಸಿ, ಹೊಸೆದು, ಬಿಗಿದು ಕಟ್ತಾರಂತೆ. ತಂತಿ ಎಳೆಯೋ ದಿಕ್ಕು ಬೋಲ್ಟ್ ಬಿಗಿಯಾಗೋ ದಿಕ್ಕೇ ಆಗಿರ್ಬೇಕು. ಉಲ್ಟಾ ಕಟ್ಟಿದ್ರೆ ಕಟ್ಟಿಯೂ ಪ್ರಯೋಜನ ಇಲ್ಲ.

ನಮಗೆ ಹೆಲಿಕಾಪ್ಟರ್ ಅಂದ್ರೆ ಪೈಲಟ್. ಕೆಳಗೆ ನಿಂತು ಅದನ್ನು ಹಾರಲು ಬಿಡೋನು ಒಬ್ಬ ಇರ್ತಾನೆ ಅನ್ನೋದೇ ತಲೆಗೆ ಬರೋದಿಲ್ಲ. ವಾಯುಪಡೆಯಲ್ಲಿ ಫಾರ್ಮ್ 700 ಅಂತ ಒಂದು ದಾಖಲೆ ಉಂಟು. ಯಾವ ದೋಷ ಬಂತು, ಎಂತ ರಿಪೇರಿ ಆಯ್ತು, ಯಾರು ಮಾಡಿದ್ರು, ಯಾರು ಪರೀಕ್ಷಿಸಿದ್ರು ಎಲ್ಲ ಅದರಲ್ಲಿ ಬರೀಬೇಕು. ಪ್ರತಿ ಕೆಲಸಕ್ಕೂ ಸಹಿ. ಪೈಲಟ್ ಅದನ್ನು ನೋಡಿ, ತಾನೂ ಸಹಿ ಮಾಡಿ ಯಂತ್ರ ಹತ್ತೋದು.

"ಸಹಿ ಮಾಡಿದ ರಾತ್ರಿ ಕೆಲವು ಸಲ ನಿದ್ದೆ ಬರ್ತಿರ್ಲಿಲ್ಲ. ಆ ಪೈಪಿನ ನಟ್ಟು ಬಿಗಿ ಮಾಡಿದ್ದೆ ಹೌದಲ್ವಾ ಅಂತ ಎದ್ದು ಹೋಗಿ ಟಾರ್ಚ್ ಹಾಕಿ ನೋಡಿ ಬರ್ತಿದ್ದೆ" ಅಂತ ಮಾವ ಒಂದ್ಸಲ ಹೇಳಿದ್ರು.

ಈಗ ಒಂದು ಪ್ರಶ್ನೆ. ಇಪ್ಪತ್ತು ವರ್ಷ ಸೈನಿಕರನ್ನೂ ಗಾಯಾಳುಗಳನ್ನೂ ಆಕಾಶಕ್ಕೆ ಹತ್ತಿಸಿದ ಆ ಸಹಿಗೆ ವಾಯುಪಡೆಯ ಗೇಟು ದಾಟಿದ ಮೇಲೆ ಎಷ್ಟು ಬೆಲೆ?

ವಿಮಾನ ಲೋಕದಲ್ಲಿ ಅದರ ಬೆಲೆ ಸೊನ್ನೆ. ಯಾಕೆ ಅಂತ ಮುಂದಿನದರಲ್ಲಿ.

(3/8)
ಇದು ಸ್ವಲ್ಪ ರೂಲ್ಸ್ ಪೋಸ್ಟ್. ಬೋರ್ ಅನ್ಸಿದ್ರೂ ಬಿಡ್ಬೇಡಿ, ಕಥೆಯ ಗಂಟು ಇರೋದು ಇಲ್ಲೇ.

ನಮ್ಮ ದೇಶದಲ್ಲಿ ನಾಗರಿಕ ವಿಮಾನ, ಹೆಲಿಕಾಪ್ಟರ್‌ಗಳಿಗೆಲ್ಲ ಯಜಮಾನ ಡಿಜಿಸಿಎ. ರಿಪೇರಿ ಆದ ಹೆಲಿಕಾಪ್ಟರ್ ಹಾರಬಹುದು ಅಂತ ಸಹಿ ಮಾಡೋ ಅಧಿಕಾರ ಲೈಸೆನ್ಸ್ ಇರೋ ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಎಂಜಿನಿಯರ್‌ಗೆ ಮಾತ್ರ. ಅವರನ್ನೇ ಎಎಂಇ ಅನ್ನೋದು. ಆ ಲೈಸೆನ್ಸ್‌ನ ನಿಯಮ ಇರೋದು ಸಿಎಆರ್-66 ಅನ್ನೋದರಲ್ಲಿ. ಟರ್ಬೈನ್ ಎಂಜಿನ್‌ನ ಹೆಲಿಕಾಪ್ಟರ್‌ಗೆ ಬಿ1.3 ವರ್ಗ, ಎಲೆಕ್ಟ್ರಾನಿಕ್ಸ್ ಕಡೆಯವರಿಗೆ ಬಿ2. ಪರೀಕ್ಷೆ ಮಾಡ್ಯೂಲ್ ಮಾಡ್ಯೂಲ್ ಆಗಿ ಇರ್ತದೆ. ಪಾಸಾಗ್ಲಿಕ್ಕೆ ಶೇ 75 ಬೇಕು. ನಮ್ಮ ಹಾಗೆ 35, 40ಕ್ಕೆ ದೇವರಿಗೆ ಹಣ್ಣುಕಾಯಿ ಮಾಡ್ಸೋ ಹಾಗಿಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ಕೆಲಸದ ಅನುಭವ ತೋರಿಸ್ಬೇಕು. ಲೈಸೆನ್ಸ್ ಬಂದ ಮೇಲೂ ಯಾವ ಮಾದರಿಯ ಹೆಲಿಕಾಪ್ಟರ್‌ಗೆ ಸಹಿ ಹಾಕ್ಬೇಕೋ ಅದರ ಅರ್ಹತೆ ಬೇರೆ ಬರೆಸ್ಕೊಬೇಕು.

ಸೇನೆಯ ಅನುಭವ ಲೆಕ್ಕಕ್ಕೇ ಬರೋದಿಲ್ವಾ? ಬರ್ತದೆ. ಆದರೆ ಅದರ ಜೊತೆ ನಾಗರಿಕ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವವೂ ಸೇರ್ಬೇಕು, ಪರೀಕ್ಷೆಯೂ ಪಾಸಾಗ್ಬೇಕು. ಅಂದ್ರೆ 39ಕ್ಕೆ ಹೊರಗೆ ಬಂದವರು ಯಾವುದೋ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಿ, ರಾತ್ರಿ ಪುಸ್ತಕ ಹಿಡಿದು, ಮೊದಲಿಂದ ಶುರು ಮಾಡ್ಬೇಕು. ಅಷ್ಟು ಹೊತ್ತಿಗೆ ಮಗಳು ಹೈಸ್ಕೂಲು, ಅಪ್ಪನಿಗೆ ಶುಗರ್, ಮನೆಗೆ ಸಾಲ.

ಮಾವನೂ ಪ್ರಯತ್ನ ಮಾಡಿದ್ರು. ಮುಂಬೈಯ ಒಂದು ಕಂಪನಿಗೆ ಹೋಗಿ ಬಂದ್ರು. ಅಲ್ಲಿ ಕೇಳಿದ ಮೊದಲ ಪ್ರಶ್ನೆ "ಲೈಸೆನ್ಸ್ ನಂಬರ್?" ಇಲ್ಲ ಅಂದ್ರು. "ಹಾಗಾದ್ರೆ ಹೆಲ್ಪರ್ ಟೆಕ್ನಿಷಿಯನ್ ಪೋಸ್ಟ್ ಉಂಟು." ಅವರು ಹೇಳಿದ ಸಂಬಳದಲ್ಲಿ ಮುಂಬೈಯಲ್ಲಿ ಬಾಡಿಗೆ ಕೊಟ್ಟು ಊರಿಗೆ ಕಳಿಸ್ಲಿಕ್ಕೆ ಎಂತದೂ ಉಳೀತಿರ್ಲಿಲ್ಲ. ಮಾವ ಕೊಂಕಣ ರೈಲು ಹತ್ತಿ ಭಟ್ಕಳದಲ್ಲಿ ಇಳಿದ್ರು.

(4/8)
ಈಗ ಬಿ.ಕಾಂನವರು ಕಿವಿ ಕೊಡಿ.

ಮಾಜಿ ಸೈನಿಕರಿಗೆ ಸರ್ಕಾರಿ ಬ್ಯಾಂಕು ಮತ್ತು ಕೇಂದ್ರದ ಉದ್ಯಮಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 14.5, ಗ್ರೂಪ್ ಡಿಯಲ್ಲಿ ಶೇ 24.5 ಮೀಸಲಾತಿ ಉಂಟು. ಕ್ಲರ್ಕ್ ಕುರ್ಚಿಯಲ್ಲಿ, ಗೇಟಿನ ಹತ್ತಿರ ಬಂದೂಕು ಹಿಡಿದ ಯೂನಿಫಾರ್ಮಿನಲ್ಲಿ ಅಷ್ಟು ಜನ ಮಾಜಿ ಸೈನಿಕರು ಯಾಕೆ ಕಾಣ್ತಾರೆ ಅಂತ ಇನ್ನು ಕೇಳ್ಬೇಡಿ.

ಇನ್ನೊಂದು ನಿಯಮ ಇದಕ್ಕಿಂತ ಮಜಾ. ಮೆಟ್ರಿಕ್ ಪಾಸಾಗಿ 15 ವರ್ಷ ಸೇನೆಯಲ್ಲಿ ಕೆಲಸ ಮಾಡಿದವರು, ಪದವಿ ಕೇಳೋ ಗ್ರೂಪ್ ಸಿ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಮಾವನ 15 ವರ್ಷ ಮತ್ತು ನನ್ನ ಮೂರು ವರ್ಷದ ಬಿ.ಕಾಂ ಒಂದೇ ತಕ್ಕಡಿಯಲ್ಲಿ ಕೂತಿವೆ. ಇದನ್ನು ಕೇಳಿ ನಂಗೆ ಮೊದಲು ನಗು ಬಂತು. ಆಮೇಲೆ ನಾಚಿಕೆ ಆಯ್ತು.

ಯಾಕಂದ್ರೆ ಆ ನಿಯಮ ಮಾಡಿದವರು ಮಾವನ ಅನುಭವವನ್ನು ನಂಬಿದ್ರು. ಎಲ್ಲಿ ನಂಬಿದ್ರು? ಲೆಡ್ಜರ್ ನೋಡೋ ಕೆಲಸದಲ್ಲಿ, ಅವರು ಒಂದು ದಿನವೂ ಮಾಡದ ಕೆಲಸದಲ್ಲಿ. ಅವರಿಗೆ ನಿದ್ದೆಯಲ್ಲೂ ಗೊತ್ತಿರೋ ಕೆಲಸಕ್ಕೆ ಹೋದ್ರೆ ಅದೇ ಅನುಭವ ಅರ್ಧ ದಾರಿಗೆ ನಿಂತು ಹೋಯ್ತು.

ಕ್ಲಾಸಿನಲ್ಲಿ ನಮಗೆ ಸವಕಳಿ ಪಾಠ ಮಾಡ್ತಾರಲ್ಲ, ಯಂತ್ರ ಓಡಿದ ಗಂಟೆ ಲೆಕ್ಕದಲ್ಲಿ ಬೆಲೆ ಇಳಿಸೋ ಪದ್ಧತಿ ಸಹ ಉಂಟಲ್ಲ, ಹೆಲಿಕಾಪ್ಟರ್‌ನಲ್ಲಿ ಅದು ಕಣ್ಣಿಗೇ ಕಾಣ್ತದೆ. ರೆಕ್ಕೆ, ಗೇರ್‌ಬಾಕ್ಸ್, ಎಂಜಿನ್ ಎಲ್ಲಕ್ಕೂ ಇಷ್ಟು ಗಂಟೆ ಅಂತ ಆಯುಸ್ಸು. ಮುಖ್ಯ ಭಾಗಗಳಿಗೆ ಒಂದೊಂದು ದಾಖಲೆ ಕಾರ್ಡು. ಯಂತ್ರದ ಒಂದೊಂದು ಗಂಟೆ ಬರೆದಿಟ್ಟಿದ್ದಾರೆ. ಆ ಯಂತ್ರದ ಕೆಳಗೆ ಮಲಗಿ ಕೆಲಸ ಮಾಡಿದವನ ಗಂಟೆಗಳನ್ನು ನಾಗರಿಕ ಲೋಕ ಒಪ್ಪೋ ರೀತಿಯಲ್ಲಿ ಬರೆದಿಡೋ ವ್ಯವಸ್ಥೆ ಮಾವನ ಪಾಲಿಗೆ ಸಿಗಲಿಲ್ಲ.

(5/8)
"ಮಾರಾಯ, ಪೆನ್ಷನ್ ಬರ್ತದಲ್ಲ, ಮತ್ತೆ ಎಂತದು ತಕರಾರು?" ಅಂತ ಒಬ್ಬ ಈಗಾಗಲೇ ಡಿಎಂ ಮಾಡಿದ್ದಾನೆ. ಹೌದು, ಬರ್ತದೆ. ಮನೆ ನಡೀತಿರೋದು ಅದರಿಂದಲೇ ಅಂತ ಅತ್ತೆ ಬಾಯಿ ಬಿಟ್ಟು ಹೇಳ್ತಾರೆ. ನನ್ನ ಮಾತು ಹಸಿವಿನ ಬಗ್ಗೆ ಅಲ್ಲ, ವ್ಯರ್ಥ ಆಗೋದರ ಬಗ್ಗೆ. ನಮ್ಮ ನಿಮ್ಮ ತೆರಿಗೆ ದುಡ್ಡಲ್ಲಿ 20 ವರ್ಷ ಕಲಿಸಿದ ವಿದ್ಯೆ ಅದು.

"ಲೈಸೆನ್ಸ್ ಪರೀಕ್ಷೆ ಇಲ್ಲದೆ ಬಿಟ್ರೆ ಹೆಲಿಕಾಪ್ಟರ್ ಬೀಳೋದಿಲ್ವಾ?" ಇದು ಸರಿಯಾದ ಪ್ರಶ್ನೆ. ಮಾವನೇ ಮೊದಲು ಕೇಳಿದ್ದು. ಪರೀಕ್ಷೆ ತೆಗೀರಿ ಅಂತ ನಾನು ಹೇಳೋದೇ ಇಲ್ಲ. 2025ರ ಜನವರಿಯಲ್ಲಿ ಪೋರಬಂದರ್‌ನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದಾಗ ದೇಶದ ಧ್ರುವ್‌ಗಳನ್ನೆಲ್ಲ ಹಾರಿಸದೆ ನಿಲ್ಲಿಸಿದ್ರು. ಒಂದು ಭಾಗದ ಮೇಲೆ ಅನುಮಾನ ಬಂದ್ರೆ ಅಷ್ಟು ದೊಡ್ಡ ಸಂಗತಿ. ಇಂಥ ಕಡೆ ರಿಯಾಯಿತಿ ಬೇಡ. ನಾಗರಿಕ ಹೆಲಿಕಾಪ್ಟರ್‌ನ ಕಾನೂನು, ಕಾಗದ ಪತ್ರ ಬೇರೆ. ಅದನ್ನು ಕಲೀಲೇಬೇಕು.

ನಾನು ಕೇಳೋದು ಇಷ್ಟೇ: ಆ ಪರೀಕ್ಷೆಯನ್ನು ಕೆಲಸದಲ್ಲಿ ಇರುವಾಗಲೇ ಯಾಕೆ ಬರೆಸಬಾರದು?

ಯಂತ್ರಕ್ಕಾದ್ರೆ ನಾವು ಇದನ್ನು ಮಾಡ್ತೇವೆ, ನೋಡಿ. ಸೇನೆಯ ಧ್ರುವ್‌ಗೆ ಹಾರುವ ಯೋಗ್ಯತೆಯ ಒಪ್ಪಿಗೆ ಕೊಡೋದು ಬೆಂಗಳೂರಿನ ಸೆಮಿಲ್ಯಾಕ್ ಅನ್ನೋ ಸಂಸ್ಥೆ. ನಾಗರಿಕರಿಗೆ ಮಾರ್ಬೇಕಾದ್ರೆ ಡಿಜಿಸಿಎ ಒಪ್ಪಿಗೆ ಬೇಕು. ಅದಕ್ಕೆ ಎಚ್‌ಎಎಲ್ ಧ್ರುವ್ ಎನ್‌ಜಿ ಅಂತ ನಾಗರಿಕರಿಗಾಗಿಯೇ ಹೊಸ ರೂಪ ಮಾಡಿ 2025ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಲ್ಲಿ ಹಾರಿಸ್ತು. ಸೇನೆಯ ಯಂತ್ರದ ವಂಶಕ್ಕೆ ನಾಗರಿಕ ಕಾಗದ ಮಾಡಿಸ್ಲಿಕ್ಕೆ ಎಂಜಿನಿಯರ್‌ಗಳು, ದುಡ್ಡು, ವರ್ಷಗಳು ಎಲ್ಲ ಉಂಟು. ಮಾವ ಕೆಲಸ ಮಾಡಿದ ಮಿ-17ಗೂ ಮಿ-172 ಅಂತ ನಾಗರಿಕ ತಮ್ಮ ಇದ್ದಾನೆ, ಪವನ್ ಹಂಸ್ ಅದನ್ನು ಈಶಾನ್ಯದಲ್ಲಿ ಹಾರಿಸಿದೆ. ಯಂತ್ರ ಈ ಕಡೆ ದಾಟಿ ಬಂತು. ಮೆಕ್ಯಾನಿಕ್ ಗೇಟಿನಲ್ಲೇ ನಿಂತ.

(6/8)
ಆಗೋ ಮಾತು ಹೇಳು ಅಂದ್ರೆ, ಬೇರೆ ಕಡೆ ಆಗಿದೆ.

ಅಮೆರಿಕದಲ್ಲಿ ಸೇನೆಯ ಮೆಕ್ಯಾನಿಕ್ ಏರ್‌ಫ್ರೇಮ್ ಮತ್ತು ಎಂಜಿನ್ ಎರಡರ ಮೇಲೂ 30 ತಿಂಗಳು ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಿದ್ರೆ ನಾಗರಿಕ ಲೈಸೆನ್ಸ್‌ನ ಪರೀಕ್ಷೆಗಳಿಗೆ ಕೂರಬಹುದು. ಪರೀಕ್ಷೆ ಮಾಫಿ ಇಲ್ಲ, ಹಿಂದಿನ ಕೆಲಸಕ್ಕೆ ಮರ್ಯಾದೆ ಉಂಟು. ಸೇನೆಗಳೇ ಸೇರಿ ಅರ್ಹತಾ ಪತ್ರ ಕೊಡೋ ಒಂದು ಮಂಡಳಿಯನ್ನೂ ಮಾಡ್ಕೊಂಡಿವೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ಸೇನೆಯಲ್ಲಿ ಟ್ರಕ್ ಓಡಿಸಿದವರು ಅಲ್ಲಿನ ಲೈಸೆನ್ಸ್ ಹಿಡ್ಕೊಂಡು ಆರ್‌ಟಿಒಗೆ ಹೋಗಿ ನಾಗರಿಕ ಲೈಸೆನ್ಸ್ ಮಾಡಿಸ್ಕೊಳ್ಳೋ ದಾರಿ ಉಂಟು. ಡ್ರೈವರ್‌ಗೆ ಇರೋ ಸೇತುವೆಯ ಹಾಗೆ ಒಂದು ಗಟ್ಟಿ ಸೇತುವೆ ಮೆಕ್ಯಾನಿಕ್‌ಗೂ ಬೇಕು.

ಡಿಜಿಆರ್ ಅಂತ ಒಂದು ಇಲಾಖೆ ನಿವೃತ್ತಿಗೆ ಹತ್ತಿರ ಬಂದವರಿಗೆ ಕೋರ್ಸ್ ನಡೆಸ್ತದೆ. ಒಳ್ಳೇದೇ. ಆದರೆ 20 ವರ್ಷದ ಕೆಲಸವನ್ನು ಕೊನೆಯ ಕೆಲವು ತಿಂಗಳಲ್ಲಿ ಅನುವಾದ ಮಾಡ್ಲಿಕ್ಕೆ ಆಗ್ತದಾ? ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಸಿಲಬಸ್ ಓದೋ ನಮ್ಮ ಕಥೆಯೇ ಆಯ್ತು.

ನನ್ನ ಪ್ರಕಾರ ಆಗ್ಬೇಕಾದ್ದು ಮೂರು. ಒಂದು, ಮೆಕ್ಯಾನಿಕ್ ಮೊದಲ ವರ್ಷದಿಂದಲೇ ಡಿಜಿಸಿಎ ಒಪ್ಪೋ ನಮೂನೆಯಲ್ಲಿ ಕೆಲಸದ ಲಾಗ್‌ಬುಕ್ ಇಡ್ಬೇಕು, ಯೂನಿಟ್ ಅದಕ್ಕೆ ಸಹಿ ಮಾಡ್ಬೇಕು. ಎರಡು, ವರ್ಷಕ್ಕೆ ಒಂದೆರಡು ಮಾಡ್ಯೂಲ್ ಬರೀಲಿಕ್ಕೆ ರಜೆ ಮತ್ತು ಫೀಸು ಸೇನೆಯೇ ಕೊಡ್ಬೇಕು. ಮೂರು, ಕೊನೆಯ ವರ್ಷದಲ್ಲಿ ನಾಗರಿಕ ಹೆಲಿಕಾಪ್ಟರ್ ರಿಪೇರಿ ಮಾಡೋ ಜಾಗದಲ್ಲಿ ಕೂರಿಸಿ, ಕೊರತೆ ಬೀಳೋ ಆ ನಾಗರಿಕ ಅನುಭವ ತುಂಬಿಸ್ಬೇಕು.

ಕೆಲಸ ಇಲ್ಲ ಅಂತ ಹೇಳ್ಬೇಡಿ. ತುಮಕೂರಿನ ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಟಾಟಾ ಮತ್ತು ಏರ್‌ಬಸ್‌ನ ಎಚ್125 ಜೋಡಿಸೋ ಘಟಕಕ್ಕೆ ಆರಿಸಿದ ಜಾಗ ಕೋಲಾರದ ವೇಮಗಲ್. ನಮ್ಮ ಪಕ್ಕದ ಗೋವಾದ ಸತ್ತರಿಯಲ್ಲಿ ಎಚ್‌ಎಎಲ್ ಮತ್ತು ಫ್ರಾನ್ಸಿನ ಸಫ್ರಾನ್ ಸೇರಿ ಹೆಲಿಕಾಪ್ಟರ್ ಎಂಜಿನ್ ರಿಪೇರಿ ಕೇಂದ್ರ ಮಾಡಿವೆ. ಇನ್ನು ಗಲ್ಫ್ ಅಂತೂ ಭಟ್ಕಳಕ್ಕೆ ಪಕ್ಕದ ಓಣಿ ಇದ್ದ ಹಾಗೆ. ದೋಹಾದಲ್ಲಿ ಗಲ್ಫ್ ಹೆಲಿಕಾಪ್ಟರ್ಸ್, ಅಬುಧಾಬಿಯಲ್ಲಿ ಅಬುಧಾಬಿ ಏವಿಯೇಷನ್ ಉಂಟು. ಸಹಿ ಮಾಡೋ ಕೆಲಸ ಬೇಕಂದ್ರೆ ಎಲ್ಲಿ ಹೋದ್ರೂ ಮೊದಲು ಕೇಳೋದು ಲೈಸೆನ್ಸ್.

(7/8)
ಇಷ್ಟು ಹೊತ್ತು ಮಾವನ ಕಥೆ ಹೇಳಿದ್ದು ನಿಮ್ಮ ಕಥೆಗೋಸ್ಕರ.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆ ಆಯ್ತು. ನಾಲ್ಕು ವರ್ಷ ಸೇವೆ, ಆಮೇಲೆ ಹೆಚ್ಚೆಂದರೆ ಶೇ 25 ಜನ ಮುಂದುವರೀತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ತಗೊಂಡು ಮನೆಗೆ. ಪೆನ್ಷನ್ ಇಲ್ಲ. ಮಾಜಿ ಸೈನಿಕ ಅನ್ನೋ ಸ್ಥಾನ ಇಲ್ಲ, ಹಾಗಾಗಿ ಮಾವನಿಗೆ ಸಿಕ್ಕ ಬ್ಯಾಂಕ್ ಮೀಸಲಾತಿಯೂ ಇಲ್ಲ. ಅವರಿಗೆ ಅಂತ ಅರೆಸೇನಾ ಪಡೆಗಳಲ್ಲಿ, ರಕ್ಷಣಾ ಇಲಾಖೆಯ ಉದ್ಯಮಗಳಲ್ಲಿ ಬೇರೆ ಮೀಸಲಾತಿ ಹೇಳಿದ್ದಾರೆ. 2022ರ ಡಿಸೆಂಬರ್‌ನಲ್ಲಿ ವಾಯುಪಡೆಗೆ ಸೇರಿದ ಮೊದಲ ಬ್ಯಾಚಿನ ನಾಲ್ಕು ವರ್ಷ ಮುಗಿಯೋದು 2026ರ ಕೊನೆಗೆ. ಅವರು ನಮ್ಮ ವಯಸ್ಸಿನವರು.

ಮಾವ 39ಕ್ಕೆ ಎದುರಿಸಿದ ಪ್ರಶ್ನೆಯನ್ನು ಇವರು 23, 24ಕ್ಕೆ ಎದುರಿಸ್ತಾರೆ. ಮಾವನಿಗೆ ಬೆನ್ನಿಗೆ ಪೆನ್ಷನ್ ಇತ್ತು. ಇವರ ಹತ್ರ ಇರೋದು ವಯಸ್ಸು. ಆ ವಯಸ್ಸನ್ನು ಉಪಯೋಗಿಸ್ಕೊಂಡ್ರೆ ಬಚಾವ್.

ನಿಮ್ಮಲ್ಲಿ ಯಾರಾದ್ರೂ ಸೇರ್ತಾ ಇದ್ದು, ಅಲ್ಲಿ ವಿಮಾನ, ಹೆಲಿಕಾಪ್ಟರ್‌ನ ಕೆಲಸ ಸಿಕ್ಕಿದ್ರೆ ಇದನ್ನು ಸೇವ್ ಮಾಡ್ಕೊಳ್ಳಿ. ಮಾವ ಬರೆಸಿದ್ದು:

— ದಿನದ ಕೆಲಸ ಬರೆದಿಡಿ. ತಾರೀಕು, ಯಂತ್ರದ ಮಾದರಿ, ಎಂತ ಕೆಲಸ, ಯಾರ ಕೈಕೆಳಗೆ. ಯೂನಿಟ್ ಒಪ್ಪಿದಷ್ಟನ್ನು ಮಾತ್ರ. ಗುಟ್ಟಿನ ವಿಷಯ ಒಂದಕ್ಷರವೂ ಬೇಡ.
— ಮಾಡ್ಯೂಲ್ ಪರೀಕ್ಷೆ ಬರೀಲಿಕ್ಕೆ ಅನುಮತಿ ಕೇಳಿ. ಕೇಳೋದಕ್ಕೆ ಹೆದರ್ಬೇಡಿ.
— ಮೊದಲು ಮಾಡ್ಯೂಲ್ 10 ಹಿಡೀರಿ. ಅದು ನಾಗರಿಕ ವಿಮಾನಯಾನದ ಕಾನೂನು. ಸೇನೆಯಲ್ಲಿ ಅದು ಕಲಿಯೋದಿಲ್ಲ, ಹೊರಗೆ ಬಂದವರಿಗೆ ಕೈ ಕೊಡೋದೂ ಅದೇ.
— ಬಿಡುವ ಮುಂಚೆ ಅನುಭವದ ಪತ್ರದಲ್ಲಿ 'ತೃಪ್ತಿಕರ ಸೇವೆ' ಅಂತ ಮಾತ್ರ ಬರೆಸ್ಕೊಂಡು ಬರ್ಬೇಡಿ. ಯಾವ ಎಂಜಿನ್, ಯಾವ ಮಟ್ಟದ ರಿಪೇರಿ ಅಂತ ಬಿಡಿಸಿ ಬರೆಸ್ಕೊಳ್ಳಿ.

ನಾಲ್ಕು ವರ್ಷದಲ್ಲಿ ಲೈಸೆನ್ಸ್ ಪೂರ್ತಿ ಆಗದೇ ಇರಬಹುದು. ಪಾಸಾದ ಮಾಡ್ಯೂಲು, ತುಂಬಿದ ಲಾಗ್‌ಬುಕ್ಕು ಕೈಯಲ್ಲಿದ್ರೆ ಸೊನ್ನೆಯಿಂದ ಶುರು ಮಾಡೋ ಗ್ರಹಚಾರ ಇಲ್ಲ.

(8/8)
2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹತ್ತಾರು ದಿನ ನಾವೆಲ್ಲ ಫೋನಿಗೆ ಅಂಟಿ ಕೂತಿದ್ವಿ. ಗಂಗಾವಳಿ ಹೊಳೆಯೊಳಗೆ ಮುಳುಗಿದ ಲಾರಿ ಎಲ್ಲಿದೆ ಅಂತ ಡ್ರೋನ್ ಹಾರಿಸಿ ಹುಡುಕಿದ ತಂಡದ ಮುಂದಾಳು ಯಾರು ನೆನಪುಂಟಾ? ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್. ಸೇನೆ ಬಿಟ್ಟು ಬಂದವರ ವಿದ್ಯೆ ನಮ್ಮ ಜಿಲ್ಲೆಗೇ ಬೇಕಾಗಿ ಬಂತು. ಜನರಲ್‌ಗಳಿಗೆ ದಾರಿ ಸಿಗ್ತದೆ. ಸಾರ್ಜೆಂಟ್‌ಗಳಿಗೂ ಸಿಗ್ಬೇಕು ಅಂತ ನನ್ನ ಆಸೆ.

ನಾಳೆ ನೀವು ಬ್ಯಾಂಕಿಗೆ ಹೋದಾಗ ಕೌಂಟರ್‌ನಲ್ಲಿ ಕೂತವರು ಕಂಪ್ಯೂಟರ್ ನಿಧಾನಕ್ಕೆ ಒತ್ತಿದ್ರೆ ನಿಟ್ಟುಸಿರು ಬಿಟ್ಟು ರೀಲ್ಸ್ ಮಾಡ್ಬೇಡಿ. ಅವರ ಬೆರಳು ಎಂತೆಂತ ಕೆಲಸ ಮಾಡಿ ಬಂದಿದೆಯೋ ನಮಗೆ ಗೊತ್ತಿಲ್ಲ. ಕೆಲಸ ಕಡಿಮೆ ಇದ್ದ ಹೊತ್ತಲ್ಲಿ ಒಂದು ಮಾತು ಕೇಳಿ: "ಸರ್, ನೀವು ಮೊದಲು ಎಲ್ಲಿದ್ರಿ?"

ಕೊನೆಯ ಫೋಟೋ ಬಗ್ಗೆ. ನಮ್ಮ ಕ್ಲಾಸಿನ ಒಬ್ಬ ವಾಯುಪಡೆಯ ಅಗ್ನಿವೀರ್‌ಗೆ ಅರ್ಜಿ ಹಾಕಿದ್ದಾನೆ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಇದೇ ಕೊನೆಯ ಚಾನ್ಸು. ಹೋದ ಭಾನುವಾರ ಮಾವನ ಹತ್ರ ಕರ್ಕೊಂಡು ಹೋದೆ. ಹೋಗ್ಬೇಡ ಅಂತ ಮಾವ ಹೇಳ್ತಾರೇನೋ ಅಂದ್ಕೊಂಡಿದ್ದೆ. ಹೇಳ್ಲಿಲ್ಲ. "ಹೋಗು. ಆದ್ರೆ ಬರ್ಕೊಂಡು ಬಾ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ "ನೀನು ಲೆಕ್ಕ ಓದೋನಲ್ವಾ, ಇವನಿಗೊಂದು ಪುಸ್ತಕ ಗೆರೆ ಹಾಕಿ ಕೊಡು" ಅಂದ್ರು.

ಬಿ.ಕಾಂ ಓದಿ ನಾನು ಮಾಡಿದ ಮೊದಲ ಉಪಯೋಗದ ಕೆಲಸ ಬಹುಶಃ ಇದೇ. ಪೇಟೆಯಿಂದ ಒಂದು ಉದ್ದ ಲೆಕ್ಕದ ಪುಸ್ತಕ ತಂದು ಕಾಲಂ ಹಾಕಿದ್ದೇನೆ. ತಾರೀಕು, ಯಂತ್ರ, ಕೆಲಸ, ಗಂಟೆ, ಮೇಲ್ವಿಚಾರಕರು. ಮಾವ ನೋಡಿ, ಜೇಬಿಂದ ಪೆನ್ನು ತೆಗೆದು, ಕೊನೆಗೆ ಇನ್ನೊಂದು ಗೆರೆ ಎಳೆದ್ರು. ಅದರ ಮೇಲೆ ಅವರೇ ಬರೆದಿದ್ದು: ಸಹಿ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹೀಗೆ ಸೇನೆಯಿಂದ ಬಂದವರು ಇದ್ದಾರಾ? ಅಲ್ಲಿ ಎಂತ ಕೆಲಸ ಮಾಡ್ತಿದ್ರು, ಈಗ ಎಂತ ಮಾಡ್ತಿದ್ದಾರೆ, ಎರಡೇ ಸಾಲು ಕಾಮೆಂಟ್‌ನಲ್ಲಿ ಹಾಕಿ. ಹೆಸರು ಬೇಡ, ಕೆಲಸ ಹೇಳಿ ಸಾಕು. ನನ್ನ ಮಾತು ತಪ್ಪು ಅನ್ಸಿದ್ರೆ ಅದನ್ನೂ ಹೇಳಿ, ಮಾವನಿಗೆ ಓದಿ ಹೇಳ್ತೇನೆ.

#ಮುಟ್ಟಳ್ಳಿ #ಭಟ್ಕಳ #ಉತ್ತರಕನ್ನಡ #ಮಾಜಿಸೈನಿಕರು #ಅಗ್ನಿವೀರ್ #ಹೆಲಿಕಾಪ್ಟರ್ #ಬಿಕಾಂಹುಡುಗನಮಾತು